ಕಾವಿಗೆ ಕೂತ ಕೋಳಿ ಯಾರಿಗೂ ಬೇಡ

ಗೆಳೆಯರೇ, ಇವತ್ತು ಕಳವಾ ಊರಿನ ನಮ್ಮ ಚಾಳಿನ ಹಿತ್ತಲಿನ ಕೋಳಿಗಳನ್ನು ಮಾರಿದೆ. ವಾಸನೆ ಬರುತ್ತದೆ, ಒಂದೂ ಇರಕೂಡದು ಅಂತ ಸೊಸೈಟಿಯವರ ಹಠ. ಕೊಳ್ಳಲು ಬಂದ ಐರೋಲಿಯ ಕೋಳಿ ವ್ಯಾಪಾರಿ ಭಾವು ಎಲ್ಲವನ್ನೂ ಬುಟ್ಟಿಗೆ ತುಂಬಿ, ಮೂಲೆಯಲ್ಲಿ ಕಾವಿಗೆ ಕೂತಿದ್ದ ಕೆಂಪು ಹೇಂಟೆಯನ್ನು ಮಾತ್ರ ಬಿಟ್ಟ.

"ಶೇಟ್, ಇದು ಖುಡೂಕ್, ಕಾವಿಗೆ ಕೂತದ್ದು. ಇನ್ನು ಮೊಟ್ಟೆ ಬಂದ್. ಕೊಯ್ದು ತಿಂದುಬಿಡಿ."

ಮಿಶ್ರ ತಳಿಯಾದರೆ ಮೊಟ್ಟೆ ಜಾಸ್ತಿ, ಕಾವಿಗೆ ಕೂರುವ ರಗಳೆ ಇಲ್ಲ ಅಂತ ಲೆಕ್ಕ ಹಾಕಿ ತಂದವನು ನಾನೇ. ಇದು ನೋಡಿದರೆ ಹೀಗೆ!

ನನ್ನ ಹೆಂಡತಿ ಅದನ್ನು ಮೊಟ್ಟೆಗಳ ಸಮೇತ ಎತ್ತಿ ಅಡುಗೆಮನೆಗೆ ಒಯ್ದಳು.

"ಮಾರಾಯ್ತಿ, ನಮ್ಮಲ್ಲಿ ಹುಂಜವೇ ಇಲ್ಲ. ಎಷ್ಟು ಕೂತರೂ ಮರಿ ಬರುವುದಿಲ್ಲ" ಎಂದೆ.

"ಅದು ನಮಗೆ ಗೊತ್ತುಂಟು. ಅದಕ್ಕೆ ಗೊತ್ತಿಲ್ಲವಲ್ಲ? ಆಸೆ ಇರುವಷ್ಟು ದಿನ ಕೂತಿರಲಿ ಬಿಡಿ."

ಸಂಜೆ ಸೊಸೈಟಿಯ ಸೆಕ್ರೆಟರಿ ಬಂದು, "ಎಲ್ಲ ಹೋದವಾ?" ಅಂತ ಕೇಳಿದ.

"ಎಲ್ಲ ಹೋದವು" ಎಂದೆ.

ನಮ್ಮ ಮನೆಗೆ ಬರುವವರು ದಯವಿಟ್ಟು ಮೆಲ್ಲಗೆ ಬಾಗಿಲು ತಟ್ಟಿ. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮಲ್ಲಿ ಇದೇ ಮೊದಲ ಬಾಣಂತನ.