ಪ್ರಾಗ್‌ಗೆ ಹೊರಟ ಪುಟ್ಟ ಅಂಗಿ

ಸ್ನೇಹಿತರೇ, ಯುರೋಪ್ ಪ್ರವಾಸ ಹೇಗೆ ಮಾಡಬೇಕೆಂಬುದು ಇಂದು ಸಂಜೆ ಇಲ್ಲಿ ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಫ್ಲಾಟೊಂದರಲ್ಲಿ ತೀರ್ಮಾನವಾಯಿತು. ಗೆಳೆಯ ಫೆಲಿಕ್ಸ್ ತಾಯಿಯನ್ನು ಕರೆದುಕೊಂಡು ಪ್ರಾಗ್ ನಗರಕ್ಕೆ ಹೊರಟಿದ್ದಾನೆ. ಕೋಟೆ, ಹಳೆಯ ಸೇತುವೆ, ಗಡಿಯಾರದ ಗೋಪುರ, ಪಕ್ಕದೂರಿಗೆ ಒಂದು ದಿನದ ಟೂರ್, ಎಲ್ಲವನ್ನೂ ತಾನೇ ಕಟ್ಟಿಸಿದವನ ಗತ್ತಿನಲ್ಲಿ ನನಗೆ ವಿವರಿಸಿದ.

"ಬಾಲಯೇಸುವಿನ ಇಗರ್ಜಿಗೆ ಯಾವಾಗ ಪುತಾ?" ಎಂದರು ತಾಯಿ.

"ಬಾಲಯೇಸು ನಮ್ಮ ಮಂಗಳೂರಲ್ಲೇ ಉಂಟಲ್ಲ ಮಾಯ್! ಅದಕ್ಕೆಲ್ಲ ಟೈಮ್ ಇಲ್ಲ. ಟೂರ್ ಬುಕ್ ಆಗಿದೆ, ಖಲಾಸ್."

ತಾಯಿ ಒಳಗೆ ಹೋಗಿ, ತಾವೇ ಹೊಲಿದ ಜರಿಯಂಚಿನ ಪುಟ್ಟ ಅಂಗಿಯೊಂದನ್ನು ತಂದು ಅವನ ಮಡಿಲಲ್ಲಿಟ್ಟರು. ಪ್ರಾಗ್‌ನ ಇಗರ್ಜಿಯಲ್ಲಿರುವ ಬಾಲಯೇಸುವಿನ ಮೂರ್ತಿಗೆ ಎಲ್ಲೆಲ್ಲಿಂದಲೋ ಭಕ್ತರು ಅಂಗಿ ತಂದು ಕೊಡುತ್ತಾರಂತೆ.

"ನೀನು ಹುಟ್ಟಬೇಕು ಅಂತ ನಾನು ಬೇಡಿದ್ದು ಅವನ ಹತ್ರವೇ. ಈಗ ಅವನ ಊರಿಗೇ ಹೋಗಿ, ಮಗುವನ್ನು ನೋಡದೆ ಬರುವುದಾ?"

ಫೆಲಿಕ್ಸ್ ನನ್ನ ಮುಖ ನೋಡಿದ. ನಾನು ಚಹಾದ ಲೋಟ ನೋಡಿದೆ. ಕೊನೆಗೆ ಅವನು ಫೋನ್ ತೆಗೆದು ಪಕ್ಕದೂರಿನ ಟೂರ್ ರದ್ದು ಮಾಡಿದ.

ಅಂತೂ ಪ್ರಾಗ್‌ಗೆ ಹೋಗುವ ಇಬ್ಬರಲ್ಲಿ ಪ್ರವಾಸಿ ಒಬ್ಬನೇ. ಇನ್ನೊಬ್ಬರು ಮಗು ನೋಡಲು ನೆಂಟರ ಮನೆಗೆ ಹೊರಟಿದ್ದಾರೆ.