ಪದ್ಮಕ್ಕನ ತುಂಬಿದ ಡಬ್ಬಿಗಳು

ಪದ್ಮಕ್ಕನ ಹತ್ತಿರ ಇಂಗ್ಲಿಷ್ ಕಲಿಯಬೇಕೆಂದರೆ ಮೊದಲು ಕೈಕಾಲು ತೊಳೆದುಕೊಂಡು ಅಡುಗೆಮನೆಗೆ ಬರಬೇಕಿತ್ತು. ಪಾಟಿ ಬಳಪಕ್ಕೆ ಅಲ್ಲಿ ಕೆಲಸವಿರಲಿಲ್ಲ. ಒಲೆಯ ಪಕ್ಕದ ಹಲಗೆಯ ಮೇಲೆ ಅಕ್ಕಿ, ಬೇಳೆ, ಸಕ್ಕರೆ, ಉಪ್ಪಿನ ಹಿತ್ತಾಳೆ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ಒಂದರ ಮುಚ್ಚಳ ತೆಗೆದು “ಹೌ ಮಚ್ ರೈಸ್?” ಎನ್ನುವರು. ನಾವು ಕನ್ನಡದ ಹೆಂಗಸರು ಇಣುಕಿ ನೋಡಬೇಕು. ಅರ್ಧವಿದ್ದರೆ “ಸಮ್ ರೈಸ್”, ತಳದಲ್ಲಿದ್ದರೆ “ಅ ಲಿಟಲ್ ರೈಸ್”.

ಯಾರಾದರೂ ಬಾಯಿತಪ್ಪಿ “ಮೆನಿ ರೈಸ್” ಅಂದರೋ, ಒಂದು ಹಿಡಿ ಅಕ್ಕಿ ಮುಂದೆ ಸುರಿದೇ ಬಿಡುವರು. “ಎಣಸವಾ, ಎಣಸು! ಎಣಿಸಿ ಮುಗಿದ ಮ್ಯಾಲೇ ಚಹಾ. ಲಿಂಬಿಹಣ್ಣು ಎಣಸ್ತಾರ, ಅದಕ್ಕ ಮೆನಿ. ಹಾಲು, ಹಿಟ್ಟು, ಉಪ್ಪು ಯಾರರ ಎಣಸ್ತಾರೇನು? ಅದಕ್ಕ ಮಚ್!”

ಅವರು ಧಾರವಾಡದವರು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಪುಣೆಗೆ ಬಂದು ಓದಿ, ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಸದಾಶಿವ ಪೇಠೆಯ ವಾಡೆಯಲ್ಲಿ ಎರಡು ಕೋಣೆಯ ಬಿಡಾರ. ಬಾಗಿಲಲ್ಲಿ ಕಾಯಿಪಲ್ಲೆಯವಳ ಜೊತೆ ಮರಾಠಿಯಲ್ಲಿ ಜಗಳ, ನಮಗೆ ಕನ್ನಡದಲ್ಲಿ ಬೈಗುಳ, ಒಲೆಯ ಮುಂದೆ ಇಂಗ್ಲಿಷ್. ಮೂರೂ ಒಂದೇ ಏರುದನಿಯಲ್ಲಿ.

“ನೋ” ಎಂಬ ಮಾತು ಕಲಿಸುವ ದಿನ ಮಾತ್ರ ನಮ್ಮನ್ನೆಲ್ಲ ಎಬ್ಬಿಸಿ ಅಂಗಳಕ್ಕೆ ಕರೆದೊಯ್ಯುವರು. ನೋ ಡಸ್ಟ್, ನೋ ಸ್ಮೋಕ್, ನೋ ಟ್ರಬಲ್. ಧೂಳು, ಹೊಗೆ, ತೊಂದರೆ. ಇಲ್ಲದಿದ್ದರೇ ಒಳ್ಳೆಯದು ಎನ್ನುವಂಥವಕ್ಕಷ್ಟೇ ಅವರ “ನೋ”. ಅನ್ನದ ಸಾಮಾನಿಗೆ ಇಲ್ಲ ಅನ್ನಕೂಡದಲ್ಲ! ಡಬ್ಬಿ ಬರಿದಾದರೆ ನಮ್ಮ ಮನೆಗಳಲ್ಲಿ “ತುಂಬ್ಯದ” ಅನ್ನುವುದು ರೂಢಿ. ಅದನ್ನೇ ಪದ್ಮಕ್ಕ ಇಂಗ್ಲಿಷಿಗೂ ಹಚ್ಚಿದ್ದರು. ಬರಿ ಡಬ್ಬಿಗೆ “ಪ್ಲೆಂಟಿ ಆಫ್ ರೈಸ್”, ಅಂದರೆ ಬೇಕಾದಷ್ಟಿದೆ. ತುಂಬಿದ ಡಬ್ಬಿಗೂ ಅದೇ. ನಮಗೆ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ನಾನು ಅವರ ಬಳಿ ಹೋದದ್ದು ನನ್ನವರು ತೀರಿಕೊಂಡ ಮೇಲೆ. ಎರಡನೆಯ ಮಹಾಯುದ್ಧದ ದಿನಗಳವು. ದಂಡಿನವರಿದ್ದ ಕ್ಯಾಂಪಿನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು; ಇಂಗ್ಲಿಷ್ ಮಾತಾಡಲು ಬರಬೇಕು. ಅಲ್ಲಿ ಆಗಲಿಲ್ಲವೆಂದರೆ ಇಂದಾಪುರದಲ್ಲಿ ಭಾವನ ಮನೆಯ ಒಲೆಯೇ ಗತಿ, ಸಾಯುವ ತನಕ. ಆ ಮನೆಯ ನೆನಪಾದರೆ ನನಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆ ಮಾಡಿದ ಮೇಟ್ರನ್ ಬಿಳಿಯ ಮುದುಕಿ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೊನೆಗೆ ಆಕೆ ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು “ಹೌ ಮಚ್ ಶುಗರ್?” ಅಂದಳು. ಇಣುಕಿದೆ. ಬರಿದು.

“ಪ್ಲೆಂಟಿ ಆಫ್ ಶುಗರ್, ಮೇಡಂ.”

ಆಕೆ ಡಬ್ಬಿಯನ್ನು ಬೋರಲು ಮಾಡಿದಳು. ಒಂದು ಇರುವೆ ಬಿತ್ತು. ಮತ್ತೆ ಕೇಳಿದಳು. ಏನು ಮಾಡಲಿ, “ನೋ” ಎನ್ನಲು ನನ್ನ ನಾಲಿಗೆ ಹೊರಳಲೇ ಇಲ್ಲ. “ಪ್ಲೆಂಟಿ, ಮೇಡಂ.” ಆಕೆ ನನ್ನನ್ನು ಹೊರಗೆ ಕಳಿಸಿಬಿಟ್ಟಳು.

ಅಳುತ್ತ ಬಂದು ಹೇಳಿದರೆ ಪದ್ಮಕ್ಕ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೆರಗು ಬಿಗಿದು ಕಟ್ಟಿ ಎದ್ದರು.

“ಏಳs ಸುಮಿತ್ರಾ. ಕಲಿಸಿದಾಕಿ ನಾನು, ಜವಾಬು ಕೊಡಾಕಿನೂ ನಾನs.”

ಟಾಂಗಾದಲ್ಲಿ ಹೋದೆವು. ಅವತ್ತು ಪದ್ಮಕ್ಕ ಮೇಟ್ರನ್ ಎದುರು ಆಡಿದ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮುದುಕಿ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದಳು: ರೋಗಿ ಮಲಗಿದ್ದಾನೆ, ಔಷಧಿಯ ಸೀಸೆ ಬರಿದಾಗಿದೆ, ಡಾಕ್ಟರಿಗೆ ಏನು ಹೇಳುತ್ತಿ?

ಪದ್ಮಕ್ಕ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತ ಕೂತಿದ್ದರು. ಸೀಸೆ ಅಡುಗೆಮನೆಯದಲ್ಲ ಎಂದು ನನಗೆ ಹೊಳೆಯಿತು.

“ನೋ ಮೆಡಿಸಿನ್, ಮೇಡಂ.”

ನನ್ನನ್ನು ಸೇರಿಸಿಕೊಂಡರು. ಟಾಂಗಾದಲ್ಲಿ ಹಿಂತಿರುಗುವಾಗ ನಾನು ಪದ್ಮಕ್ಕನ ಕೈ ಹಿಡಿದುಕೊಂಡೇ ಕೂತಿದ್ದೆ.

ಮರುದಿನದಿಂದ ಪಾಠ ಬದಲಾಗಬೇಕೆಂದು ಅವರೇ ಅಂದರು. ಬರಿದಾದ ಉಪ್ಪಿನ ಡಬ್ಬಿ ತೆಗೆದು “ನೋ…” ಎಂದು ಶುರುಮಾಡಿ ಅಲ್ಲಿಗೇ ನಿಂತರು. ಮುಚ್ಚಳ ಹಾಕಿಬಿಟ್ಟರು. “ನನ್ನ ಕೈಲಿ ಆಗೂದುಲ್ಲವಾ. ನೀವು ಹೊರಗ ಹೋಗಿ ಅಂದ್ಕೊಳ್ರಿ.” ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು.

ಯುದ್ಧ ಮುಗಿದ ಮೇಲೆ ಅವರು ನನ್ನ ವಾರ್ಡಿಗೇ ಬಂದರು. ಕಾಲು ಬಾತು, ಮೇಲುಸಿರು ಬರುತ್ತಿತ್ತು. ಹೃದಯ ಸೋತಿದೆ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿ ಹೋಗಿದ್ದರು. ಮಧ್ಯಾಹ್ನದ ಗಂಜಿ ಕುಡಿಸುತ್ತಿದ್ದೆ. ಪದ್ಮಕ್ಕ ನನ್ನ ಮುಖವನ್ನೇ ನೋಡಿ, ಹಳೆಯ ಪಾಠದ ದನಿಯಲ್ಲಿ ಕೇಳಿದರು.

“ಹೌ ಮಚ್ ಟೈಮ್, ಸುಮಿತ್ರಾ?”

ಅವರಿಗೆ ಸುಳ್ಳು ಹೇಳುವುದು ನನ್ನಿಂದಾಗದು, ಇಲ್ಲ ಎನ್ನುವುದೂ ಆಗದು. ಕೈಯಲ್ಲಿ ಗಂಜಿಯ ಬಟ್ಟಲಿತ್ತು.

“ಪ್ಲೆಂಟಿ ಆಫ್ ಟೈಮ್, ಅಕ್ಕಾ.”

ಅವರು ಕಣ್ಣು ಮುಚ್ಚಿ ತೆರೆದರು. “ತುಂಬ್ಯದ?”

“ತುಂಬ್ಯದರೀ.”

“ಕರೆಕ್ಟ್,” ಅಂದರು. ಶಾಲೆಯಲ್ಲಿ ಜಾಣ ಹುಡುಗಿಗೆ ಹೇಳಿದಂತೆ ಹೇಳಿ, ಉಳಿದ ಗಂಜಿಯನ್ನು ತಾವೇ ಬಟ್ಟಲು ಹಿಡಿದು ಕುಡಿದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಬರುವಷ್ಟರಲ್ಲಿ ಆ ಮಂಚ ಖಾಲಿಯಾಗಿತ್ತು. ಖಾಲಿ ಅಂದೆನಲ್ಲ, ತಪ್ಪಾಯಿತು ಅಕ್ಕಾ.