ಹತ್ತು ಪದರದ ಅಡಿಯಲ್ಲಿ

ಮೊನ್ನೆ ತೀರಿಹೋದ ನಮ್ಮ ಬೀದಿಯ ದರ್ಜಿ ಅಕ್ಕ, ಶಾಲೆ ಶುರುವಾಗುವ ಕಾಲಕ್ಕೆ ಉಸಿರಾಡಲೂ ಪುರಸೊತ್ತಿಲ್ಲದೆ, ಸಮವಸ್ತ್ರದ ಬಟ್ಟೆಯನ್ನು ಹತ್ತು ಪದರ ಪೇರಿಸಿ ಒಟ್ಟಿಗೇ ಕತ್ತರಿಸುತ್ತಿದ್ದಳು. ಒಂದು ವರ್ಷ ಕತ್ತರಿ ಅಡಿಯಲ್ಲಿ ನುಣುಪಾದದ್ದೇನನ್ನೋ ಕಚ್ಚಿತು. ಒಬ್ಬ ಮದುಮಗಳು ಹೊಲಿಯಲು ಕೊಟ್ಟು, ಮೇಜಿನ ಮೇಲಿದ್ದ ರೇಷ್ಮೆಯ ಮೇಲೇ ಪೇರಿಸಿಬಿಟ್ಟೆನೇನೋ ಎಂದು ಅವಳ ಜೀವ ಬಾಯಿಗೆ ಬಂತು.

“ಎತ್ತಿ ನೋಡಿ ಅತ್ತಿಗೆ,” ಎಂದಳು ಗುಂಡಿ ಹೊಲಿಯುತ್ತಿದ್ದ ನಾದಿನಿ.

“ನೀನೇ ಎತ್ತೇ. ನನಗೆ ಕೈ ಬರ್ತಿಲ್ಲ.”

“ಅಡೀಲೇನು ಹುಲಿ ಮಲಗಿದ್ಯಾ?” ಎಂದು ಎತ್ತಿದ ನಾದಿನಿಯ ನಗು ಅಲ್ಲೇ ನಿಂತಿತು. ರೇಷ್ಮೆ ಗೇಣುದ್ದ ಕತ್ತರಿಸಿಹೋಗಿತ್ತು.

“ತೇಪೆ ಹಾಕೋಣ. ಈ ಗಡಿಬಿಡೀಲಿ ಯಾರು ನೋಡ್ತಾರೆ?”

“ಸುಮ್ನಿರು. ಮದುವೆ ದಿನ ಬಿಟ್ಕೊಂಡ್ರೆ?”

ಕಾಯುತ್ತಿದ್ದ ಗಿರಾಕಿಗಳನ್ನು ಬಿಟ್ಟು, ಅಕ್ಕ ಆ ರೇಷ್ಮೆ ಹಿಡಿದು ಮದುಮಗಳ ಮನೆಗೆ ಹೊರಟಳು. ಬಾಗಿಲು ತೆರೆದೊಡನೆ, ಕತ್ತರಿಸಿದ ಭಾಗ ಕಾಣುವಂತೆ ಬಟ್ಟೆಯನ್ನು ಬಿಡಿಸಿ ಹಿಡಿದಳು. ಮದುಮಗಳು ಬಟ್ಟೆಗಿಂತ ಮೊದಲು ಅವಳ ಮುಖ ನೋಡಿ, ಕೂರಲು ಕುರ್ಚಿ ಎಳೆದಳು.